ಮೆಕ್ಕೆಜೋಳ ಹೂ ಬಿಟ್ಟಾಗ ಎಲೆ ಸವರಬಹುದೆ?

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳು ಮಲೆನಾಡಿಗೂ ಬಯಲುಸೀಮೆಗೂ ನಡುವಿನ ಸೆರಗಿನಲ್ಲಿವೆ. ಶಿಕಾರಿಪುರದ ಕಡೆಯ ಮಳೆಯಾಶ್ರಿತ ಹೊಲಗಳಲ್ಲಿ ಇಂದು ಮೆಕ್ಕೆಜೋಳವೇ ಮುಖ್ಯ ಬೆಳೆ. ಪಶ್ಚಿಮಕ್ಕೆ ಸೊರಬ ತಾಲ್ಲೂಕಿನ ಉಳವಿ ಹೋಬಳಿಯತ್ತ ಸಾಗಿದಂತೆ ಗದ್ದೆಯಲ್ಲಿ ಭತ್ತ, ತೋಟದಲ್ಲಿ ಅಡಿಕೆ, ನೀರು ನಿಲ್ಲದ ಹಕ್ಕಲು ಜಮೀನಿನಲ್ಲಿ ಮೆಕ್ಕೆಜೋಳ ಅಥವಾ ಶುಂಠಿ ಕಾಣಸಿಗುತ್ತದೆ. ಕೊಟ್ಟಿಗೆಯಲ್ಲಿ ಒಂದೆರಡು ಹಸು, ಎಮ್ಮೆ ಇಲ್ಲದ ಬೇಸಾಯಗಾರರ ಮನೆ ಕಡಿಮೆ.

ಜೂನ್ ಮೊದಲರ್ಧದಲ್ಲಿ ಬಿತ್ತಿದ ಮೆಕ್ಕೆಜೋಳ ಆಗಸ್ಟ್ ತಿಂಗಳಿಗೆ ಸೂಲಂಗಿ ಹೊರಡಿಸುತ್ತದೆ. ಆ ಸಮಯಕ್ಕೆ ಹಿಂದಿನ ವರ್ಷದ ಭತ್ತದ ಹುಲ್ಲಿನ ಬಣವೆ ಕರಗಿರುತ್ತದೆ. ನಾಟಿ ಮತ್ತು ಕಳೆಯ ಕೆಲಸದ ನಡುವೆ ಸೊಪ್ಪಿನಬೆಟ್ಟಕ್ಕೆ ಹೋಗಿ ಹುಲ್ಲು ಕೊಯ್ದು ತರಲು ಮನೆಯಲ್ಲಿ ಆಳಿಲ್ಲ. ಮನೆಯ ಪಕ್ಕದಲ್ಲೇ ಆಳೆತ್ತರ ಬೆಳೆದು ನಿಂತ ಹಸಿರು ಕಣ್ಣಿಗೆ ಬೀಳುತ್ತದೆ. ತೆನೆಯ ಮೇಲಿನ ತುದಿಯನ್ನು ಕೊಯ್ದು ದನಗಳಿಗೆ ಹಾಕಿದರೆ ಮೇವಿನ ಚಿಂತೆ ತೀರುತ್ತದೆ, ತೆನೆಗೆ ಬಿಸಿಲೂ ಬೀಳುತ್ತದೆ ಎಂಬ ಆಲೋಚನೆ ಸಹಜವಾಗಿ ಬರುತ್ತದೆ. ಹೀಗೆ ಮಾಡಬಹುದೆ? ಮಾಡುವುದಾದರೆ ಯಾವಾಗ, ಎಷ್ಟು? ಮಾಡಿದರೆ ಕಾಳಿನ ಇಳುವರಿಗೆ ಆಗುವ ನಷ್ಟವೇನು? ಈ ಪ್ರಶ್ನೆಗಳಿಗೆ ಉತ್ತರ ಗಿಡದ ಬೆಳವಣಿಗೆಯಲ್ಲೇ ಇದೆ.

ಹೂ ಬಿಡುವ ಕಾಲದಲ್ಲಿ ಗಿಡದೊಳಗೆ ನಡೆಯುವುದೇನು?

ಮೆಕ್ಕೆಜೋಳದಲ್ಲಿ ಗಂಡು ಹೂ ಮತ್ತು ಹೆಣ್ಣು ಹೂ ಒಂದೇ ಗಿಡದ ಬೇರೆ ಬೇರೆ ಕಡೆ ಬಿಡುತ್ತವೆ. ತುದಿಯಲ್ಲಿ ಕಾಣುವ ಸೂಲಂಗಿ ಗಂಡು ಹೂಗೊಂಚಲು. ದಂಟಿನ ನಡುಭಾಗದ ಎಲೆಯ ಕಂಕುಳಲ್ಲಿ ಹೊರಡುವ ತೆನೆ ಹೆಣ್ಣು ಹೂಗೊಂಚಲು. ಮಧ್ಯಮಾವಧಿ ಸಂಕರಣ ತಳಿಗಳಲ್ಲಿ ಬಿತ್ತಿದ ಸುಮಾರು 50ರಿಂದ 55 ದಿನಗಳಿಗೆ ಸೂಲಂಗಿ ಬಿಚ್ಚುತ್ತದೆ. ಅದರ ಎರಡು ಮೂರು ದಿನಗಳ ನಂತರ ತೆನೆಯ ತುದಿಯಿಂದ ರೇಷ್ಮೆಯಂಥ ಎಳೆಗಳು ಹೊರಬರುತ್ತವೆ. ಒಂದೊಂದು ಎಳೆಯ ಬುಡದಲ್ಲಿ ಒಂದೊಂದು ಕಾಳಿನ ಮೊಳಕೆ ಇರುತ್ತದೆ. ಎಳೆಯ ಮೇಲೆ ಪರಾಗ ಬಿದ್ದರೆ ಕಾಳು ಕಟ್ಟುತ್ತದೆ, ಬೀಳದಿದ್ದರೆ ಆ ಜಾಗ ಜೊಳ್ಳಾಗುತ್ತದೆ. ಒಂದು ಸೂಲಂಗಿ ಸುಮಾರು ಒಂದು ವಾರದವರೆಗೆ, ಹೆಚ್ಚಾಗಿ ಬೆಳಗಿನ ಹೊತ್ತು, ಪರಾಗ ಉದುರಿಸುತ್ತದೆ.

ರೈತರು ಮುಖ್ಯವಾಗಿ ಗಮನಿಸಬೇಕಾದ ಸಂಗತಿ ಬೇರೊಂದಿದೆ. ಸೂಲಂಗಿ ಹೊರಟ ಮೇಲೆ ಮೆಕ್ಕೆಜೋಳದ ಗಿಡಕ್ಕೆ ಒಂದೂ ಹೊಸ ಎಲೆ ಬರುವುದಿಲ್ಲ. ದಂಟಿನ ಬೆಳೆಯುವ ತುದಿಯೇ ಸೂಲಂಗಿಯಾಗಿ ಮುಗಿದುಹೋಗಿರುತ್ತದೆ. ತೊಗರಿ, ಹತ್ತಿ ಮುಂತಾದ ಗಿಡಗಳ ಕುಡಿ ಚಿವುಟಿದರೆ ಪಕ್ಕದಿಂದ ಹೊಸ ರೆಂಬೆ ಒಡೆಯುತ್ತದೆ. ಮೆಕ್ಕೆಜೋಳಕ್ಕೆ ಆ ಶಕ್ತಿ ಇಲ್ಲ. ಹೂ ಬಿಟ್ಟ ದಿನ ಗಿಡದ ಮೇಲೆ ಎಷ್ಟು ಎಲೆ ಇವೆಯೋ ಅಷ್ಟೇ ಅದರ ಬಂಡವಾಳ. ಅಂದು ಕೊಯ್ದ ಎಲೆ ಮತ್ತೆ ಬರುವುದಿಲ್ಲ.

ಕಾಳು ತುಂಬುವುದು ಎಲ್ಲಿಂದ?

ಎಲೆ ಗಿಡದ ಅಡುಗೆಮನೆ. ಬಿಸಿಲಿನ ಸಹಾಯದಿಂದ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ಬೇರಿನಿಂದ ಬಂದ ನೀರನ್ನು ಸಕ್ಕರೆಯಾಗಿ ಮಾಡುವ ಕೆಲಸ ಇಲ್ಲಿ ನಡೆಯುತ್ತದೆ. ಈ ಸಕ್ಕರೆ ತೆನೆಗೆ ಇಳಿದು ಕಾಳಿನಲ್ಲಿ ಹಿಟ್ಟಾಗುತ್ತದೆ. ಕಾಳಿನ ತೂಕದ ಬಹುಭಾಗ ಹೂ ಬಿಟ್ಟ ನಂತರ ಎಲೆಗಳು ತಯಾರಿಸಿದ ಆಹಾರದಿಂದಲೇ ಬರುತ್ತದೆ. ಹೂವಿಗೆ ಮೊದಲು ದಂಟಿನಲ್ಲಿ ಕೂಡಿಟ್ಟ ಸಕ್ಕರೆಯ ಪಾಲು ಸಣ್ಣದು.

ಎಲ್ಲ ಎಲೆಗಳ ಕೆಲಸವೂ ಒಂದೇ ಅಲ್ಲ. ತೆನೆ ಹೊತ್ತ ಎಲೆ ಮತ್ತು ಅದರ ಮೇಲಿನ ಐದಾರು ಎಲೆಗಳಿಗೆ ಪೂರ್ಣ ಬಿಸಿಲು ಸಿಗುತ್ತದೆ. ಅವು ತಯಾರಿಸಿದ ಆಹಾರ ಹೆಚ್ಚಾಗಿ ಹತ್ತಿರದ ತೆನೆಗೇ ಹೋಗುತ್ತದೆ. ಕೆಳಗಿನ ಎಲೆಗಳು ನೆರಳಿನಲ್ಲಿದ್ದು ಕಡಿಮೆ ಆಹಾರ ತಯಾರಿಸುತ್ತವೆ. ಆದರೆ ಅವು ಹಸಿರಾಗಿರುವವರೆಗೆ ಬೇರನ್ನು ಸಾಕುತ್ತವೆ. ಆದ್ದರಿಂದ ತುದಿ ಕೊಯ್ದಾಗ ಹೋಗುವುದು ಗಿಡದ ಅತ್ಯಂತ ದುಡಿಯುವ ಭಾಗ. ಎಣಿಕೆಯಲ್ಲಿ ಅರ್ಧದಷ್ಟು ಎಲೆ ಉಳಿದರೂ ದುಡಿಮೆಯಲ್ಲಿ ಅರ್ಧ ಉಳಿಯುವುದಿಲ್ಲ.

ಇನ್ನೊಂದು ಮಾತು. ಮಳೆಯಾಶ್ರಿತ ಮೆಕ್ಕೆಜೋಳಕ್ಕೆ ಹೆಕ್ಟೇರಿಗೆ 100 ಕೆ.ಜಿ. ಸಾರಜನಕ, 50 ಕೆ.ಜಿ. ರಂಜಕ ಮತ್ತು 25 ಕೆ.ಜಿ. ಪೊಟ್ಯಾಷ್ ಕೊಡಬೇಕೆಂಬುದು ಶಿಫಾರಸು. ಹೀಗೆ ಕೊಟ್ಟ ಸಾರಜನಕ ಮೊದಲು ಎಲೆಯಲ್ಲಿ ಸೇರಿ, ಕಾಳು ಬಲಿಯುವಾಗ ಎಲೆಯಿಂದ ಕಾಳಿಗೆ ಇಳಿಯುತ್ತದೆ. ಹಸಿರೆಲೆ ಕೊಯ್ದಾಗ ಹಣ ಕೊಟ್ಟು ಹಾಕಿದ ಗೊಬ್ಬರದ ಒಂದು ಪಾಲೂ ಹೊಲದಿಂದ ಆಚೆ ಹೋಗುತ್ತದೆ.

ನಷ್ಟ ಎಷ್ಟು?

ಅಮೆರಿಕದಲ್ಲಿ ಆಲಿಕಲ್ಲು ಮಳೆಗೆ ಎಲೆ ಹರಿದುಹೋದ ಮೆಕ್ಕೆಜೋಳಕ್ಕೆ ವಿಮಾ ಪರಿಹಾರ ನಿಗದಿ ಮಾಡುವ ಪದ್ಧತಿ ಇದೆ. ಅದಕ್ಕಾಗಿ ಯಾವ ಹಂತದಲ್ಲಿ ಎಷ್ಟು ಎಲೆ ಹೋದರೆ ಇಳುವರಿ ಎಷ್ಟು ತಗ್ಗುತ್ತದೆ ಎಂಬುದನ್ನು ಕೈಯಿಂದ ಎಲೆ ಕಿತ್ತು ಪ್ರಯೋಗ ಮಾಡಿ ಅಳೆದಿದ್ದಾರೆ. ಸೂಲಂಗಿ ಹೊರಟ ಹಂತದಲ್ಲಿ ಎಲ್ಲ ಎಲೆಗಳೂ ಹೋದರೆ ಬೆಳೆ ಪೂರ್ಣ ಹೋದಂತೆಯೇ ಸರಿ. ಅದೇ ಹಂತದಲ್ಲಿ ಅರ್ಧ ಎಲೆ ಹೋದರೆ ನೂರಕ್ಕೆ ಸುಮಾರು 30 ಪಾಲು ನಷ್ಟ. ಕಾಳು ಹಾಲು ತುಂಬಿದ ಹಂತದಲ್ಲಿ ಎಲ್ಲ ಎಲೆ ಹೋದರೆ ನೂರಕ್ಕೆ ಸುಮಾರು 60, ಅರ್ಧ ಹೋದರೆ ಸುಮಾರು 18 ಪಾಲು ನಷ್ಟ. ಕಾಳು ಹಿಟ್ಟಾಗುವ ಹಂತದಲ್ಲಿ ಎಲ್ಲ ಎಲೆ ಹೋದರೂ ನಷ್ಟ ಸುಮಾರು 40ಕ್ಕೆ ಇಳಿಯುತ್ತದೆ. ಕಾಳು ಪೂರ್ತಿ ಬಲಿತ ಮೇಲೆ ಎಲೆ ಹೋದರೆ ನಷ್ಟವೇ ಇಲ್ಲ.

ನಮ್ಮ ತಳಿ, ನಮ್ಮ ಹವೆಯಲ್ಲಿ ಈ ಅಂಕಿಗಳು ಸ್ವಲ್ಪ ಹೆಚ್ಚು ಕಡಿಮೆ ಆಗಬಹುದು. ಆದರೆ ನಿಯಮ ಒಂದೇ: ಎಲೆಯ ಬೆಲೆ ಹೂವಿನ ದಿನ ಅತಿ ಹೆಚ್ಚು, ಅಲ್ಲಿಂದ ದಿನದಿನಕ್ಕೂ ಇಳಿಯುತ್ತ ಬಂದು ಕಾಳು ಬಲಿತ ದಿನ ಸೊನ್ನೆಯಾಗುತ್ತದೆ.

ಇದನ್ನು ಒಂದು ಎಕರೆಯ ಲೆಕ್ಕದಲ್ಲಿ ನೋಡೋಣ. ಸಾಲಿನಿಂದ ಸಾಲಿಗೆ 60 ಸೆಂ.ಮೀ., ಗಿಡದಿಂದ ಗಿಡಕ್ಕೆ 30 ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು 22,000 ಗಿಡಗಳು ಹಿಡಿಯುತ್ತವೆ. ಅವುಗಳಲ್ಲಿ 20,000 ಗಿಡಗಳು ತೆನೆ ಕೊಟ್ಟವೆಂದಿಟ್ಟುಕೊಳ್ಳೋಣ. ತೆನೆಗೆ 400 ಕಾಳು, ನೂರು ಕಾಳಿನ ತೂಕ 30 ಗ್ರಾಂ ಇದ್ದರೆ ಒಂದು ತೆನೆಯಲ್ಲಿ 120 ಗ್ರಾಂ ಕಾಳು ಸಿಗುತ್ತದೆ. ಎಕರೆಗೆ 24 ಕ್ವಿಂಟಾಲ್ ಆಗುತ್ತದೆ. ಹಾಲುಗಾಳಿನ ವೇಳೆಗೆ ತುದಿ ಸವರಿದ್ದರಿಂದ ನೂರು ಕಾಳಿನ ತೂಕ 25 ಗ್ರಾಂಗೆ ಇಳಿದರೆ ಎಕರೆಗೆ 20 ಕ್ವಿಂಟಾಲ್ ಸಿಗುತ್ತದೆ. ತೆನೆಯ ಗಾತ್ರ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ, ಕಾಳಿನ ಸಂಖ್ಯೆಯೂ ಅಷ್ಟೇ ಇರುತ್ತದೆ. ಆದರೆ 4 ಕ್ವಿಂಟಾಲ್ ಮಾಯವಾಗಿರುತ್ತದೆ. 2025–26ನೇ ಸಾಲಿಗೆ ಸರ್ಕಾರ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2,400 ರೂಪಾಯಿ. ಆ ದರದಲ್ಲಿ ನಷ್ಟ 9,600 ರೂಪಾಯಿ. ‘ತುದಿ ಕೊಯ್ದೆ, ತೆನೆಗೇನೂ ಆಗಲಿಲ್ಲ’ ಎಂಬ ಮಾತು ಕೇಳಿಬರುವುದು ಇದೇ ಕಾರಣಕ್ಕೆ. ಈ ನಷ್ಟ ಕಣ್ಣಿಗೆ ಕಾಣುವುದಿಲ್ಲ, ತಕ್ಕಡಿಯಲ್ಲಿ ಮಾತ್ರ ಕಾಣುತ್ತದೆ.

ಪರಾಗ ಉದುರುವ ಮೊದಲೇ ಹೊಲದ ಎಲ್ಲ ತುದಿಗಳನ್ನೂ ಕೊಯ್ದರೆ ನಷ್ಟ ತೂಕದಲ್ಲಿ ಮಾತ್ರವಲ್ಲ, ಸಂಖ್ಯೆಯಲ್ಲೂ ಆಗುತ್ತದೆ. ಗಂಡು ಹೂವೇ ಇಲ್ಲದೆ ತೆನೆಯಲ್ಲಿ ಕಾಳು ಕಟ್ಟುವುದಿಲ್ಲ.

ಎಲೆ ಹೋದ ಗಿಡಕ್ಕೆ ಮತ್ತೊಂದು ಅಪಾಯವಿದೆ. ತೆನೆಯ ಬೇಡಿಕೆ ಪೂರೈಸಲು ಅದು ದಂಟಿನಲ್ಲಿರುವ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ದಂಟು ಬೆಂಡಾಗುತ್ತದೆ, ದಂಟು ಕೊಳೆ ರೋಗಕ್ಕೆ ಸುಲಭವಾಗಿ ತುತ್ತಾಗುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಗಾಳಿಮಳೆಗೆ ಇಂಥ ಗಿಡ ಮೊದಲು ಮಲಗುತ್ತದೆ.

ರೈತರಲ್ಲಿರುವ ಕೆಲವು ನಂಬಿಕೆಗಳು

‘ತೆನೆಗೆ ಬಿಸಿಲು ಬಿದ್ದರೆ ಕಾಳು ಚೆನ್ನಾಗಿ ತುಂಬುತ್ತದೆ’ ಎಂಬುದು ಮೊದಲನೆಯದು. ಕಾಳು ರವದಿಯ ಹಲವು ಪದರಗಳೊಳಗೆ ಕತ್ತಲಲ್ಲೇ ತುಂಬುತ್ತದೆ. ಅದಕ್ಕೆ ಬೇಕಾದದ್ದು ಎಲೆಯ ಮೇಲೆ ಬಿದ್ದ ಬಿಸಿಲೇ ಹೊರತು ತೆನೆಯ ಮೇಲೆ ಬಿದ್ದ ಬಿಸಿಲಲ್ಲ. ಬಲಿತ ತೆನೆ ಒಣಗಲು ಮಾತ್ರ ಬಿಸಿಲು, ಗಾಳಿ ಸಹಾಯ ಮಾಡುತ್ತವೆ.

‘ಎಲೆ ಹೆಚ್ಚಾದರೆ ಸಾರವನ್ನೆಲ್ಲ ಎಲೆಯೇ ಎಳೆದುಕೊಳ್ಳುತ್ತದೆ’ ಎಂಬುದು ಎರಡನೆಯದು. ಬೆಳೆಯುತ್ತಿರುವ ಎಳೆ ಎಲೆಗೆ ಮಾತ್ರ ಈ ಮಾತು ಸಲ್ಲುತ್ತದೆ. ಪೂರ್ಣ ಬಿಚ್ಚಿದ ಹಸಿರೆಲೆ ತನಗೆ ಬೇಕಾದುದಕ್ಕಿಂತ ಹೆಚ್ಚು ತಯಾರಿಸಿ ಹೊರಗೆ ಕಳುಹಿಸುತ್ತದೆ. ಹೂವಿನ ಕಾಲಕ್ಕೆ ಮೆಕ್ಕೆಜೋಳದಲ್ಲಿ ಎಳೆ ಎಲೆ ಇರುವುದೇ ಇಲ್ಲ.

‘ಮಳೆ ಕೈಕೊಟ್ಟಾಗ ಎಲೆ ಸವರಿದರೆ ಗಿಡದ ನೀರು ಉಳಿಯುತ್ತದೆ’ ಎಂಬುದು ಮೂರನೆಯದು. ನೀರು ಸಾಲದಾದಾಗ ಮೆಕ್ಕೆಜೋಳ ತಾನೇ ಎಲೆಯನ್ನು ಸುರುಳಿ ಸುತ್ತಿಕೊಂಡು ನೀರು ಉಳಿಸುತ್ತದೆ. ಮಳೆ ಬಂದ ಕೂಡಲೇ ಮತ್ತೆ ಬಿಚ್ಚಿ ದುಡಿಯುತ್ತದೆ. ಕೊಯ್ದ ಎಲೆ ಬಿಚ್ಚುವುದಿಲ್ಲ. ಸೂಲಂಗಿ ಹೊರಡುವಾಗ ಹದಿನೈದು ದಿನ ಮಳೆ ಹೋದರೆ, ಕೃಷಿಹೊಂಡ ಅಥವಾ ಕೆರೆಯ ನೀರಿದ್ದವರು ಒಂದು ಸಲ ನೀರು ಹಾಯಿಸುವುದೇ ನಿಜವಾದ ಉಪಾಯ. ಬರದಲ್ಲಿ ಪರಾಗ ಸಮಯಕ್ಕೆ ಸರಿಯಾಗಿ ಉದುರುತ್ತದೆ, ರೇಷ್ಮೆ ಎಳೆ ಮಾತ್ರ ತಡವಾಗುತ್ತದೆ. ಈ ಅಂತರವೇ ತೆನೆ ಬೋಳಾಗಲು ಕಾರಣ.

‘ರೋಗ ಬಂದ ಎಲೆ ಕಿತ್ತರೆ ರೋಗ ನಿಲ್ಲುತ್ತದೆ’ ಎಂಬುದು ನಾಲ್ಕನೆಯದು. ಈ ಭಾಗದಲ್ಲಿ ಕಾಣುವ ಎಲೆ ಅಂಗಮಾರಿ ರೋಗ ಕೆಳಗಿನ ಎಲೆಗಳಲ್ಲಿ ಉದ್ದನೆಯ ಬೂದುಗಂದು ಮಚ್ಚೆಗಳಾಗಿ ಶುರುವಾಗಿ ಮೇಲಕ್ಕೆ ಹಬ್ಬುತ್ತದೆ. ಅದರ ಬೀಜಕಣ ಗಾಳಿಯಲ್ಲಿ ಹರಡುವುದರಿಂದ ನಾಲ್ಕು ಎಲೆ ಕಿತ್ತು ಅದನ್ನು ತಡೆಯಲಾಗದು. ಮಚ್ಚೆ ಕಂಡ ಕೂಡಲೇ ಲೀಟರ್ ನೀರಿಗೆ 2.5 ಗ್ರಾಂ ಮ್ಯಾಂಕೋಜೆಬ್ ಬೆರೆಸಿ ಸಿಂಪಡಿಸಿ ಮೇಲಿನ ಎಲೆಗಳನ್ನು ಕಾಪಾಡಬೇಕು. ಸೈನಿಕ ಹುಳುವಿನ ವಿಷಯವೂ ಹೀಗೆಯೇ. ಅಮೆರಿಕ ಖಂಡದ ಈ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು 2018ರ ಮೇ ತಿಂಗಳಲ್ಲಿ, ಶಿವಮೊಗ್ಗದ ಮೆಕ್ಕೆಜೋಳದಲ್ಲಿ. ಹುಳು ತಿಂದು ತೂತಾದ ಎಲೆಯ ಉಳಿದ ಹಸಿರೂ ದುಡಿಯುತ್ತಿರುತ್ತದೆ. ಆಗಲೇ ಎಲೆ ಕಳೆದುಕೊಂಡ ಬೆಳೆಯಿಂದ ಮತ್ತಷ್ಟು ಎಲೆ ಕೊಯ್ಯುವುದು ಇನ್ನೂ ಹಾನಿಕರ.

ಹಾಗಾದರೆ ಯಾವಾಗ ಕೊಯ್ಯಬೇಕು?

ದಿನಗಳ ಲೆಕ್ಕಕ್ಕಿಂತ ಕಾಳಿನ ಗುರುತು ನೋಡಿ ನಿರ್ಧರಿಸುವುದು ಸುರಕ್ಷಿತ. ತಳಿ, ಬಿತ್ತನೆಯ ಕಾಲ, ಮೋಡದ ದಿನಗಳು ಇವುಗಳಿಂದ ದಿನ ಹೆಚ್ಚು ಕಡಿಮೆಯಾಗುತ್ತದೆ. ಹೊಲದ ಐದಾರು ಕಡೆಯಿಂದ ಒಂದೊಂದು ತೆನೆಯ ರವದಿ ಬಿಚ್ಚಿ ನಡುಭಾಗದ ಕಾಳನ್ನು ಪರೀಕ್ಷಿಸಬೇಕು.

ಹಾಲುಗಾಳು: ಉಗುರಿನಿಂದ ಒತ್ತಿದರೆ ಬಿಳಿ ಹಾಲು ಚಿಮ್ಮುತ್ತದೆ. ಈ ಹಂತದಲ್ಲಿ ಒಂದು ಎಲೆಯನ್ನೂ ಮುಟ್ಟಬಾರದು.

ಹಿಟ್ಟುಗಾಳು: ಒತ್ತಿದರೆ ನಾದಿದ ಹಿಟ್ಟಿನಂಥ ತಿರುಳು ಬರುತ್ತದೆ. ಇನ್ನೂ ಕಾಯಬೇಕು. ಕಾಳಿನ ತೂಕದ ದೊಡ್ಡ ಪಾಲು ಇನ್ನು ಸೇರಬೇಕಾಗಿದೆ.

ಕುಳಿಗಾಳು: ಕಾಳಿನ ನೆತ್ತಿ ಒಳಕ್ಕೆ ತಗ್ಗಿ ಕುಳಿ ಬೀಳುತ್ತದೆ. ಗಟ್ಟಿ ಕಾಳಿನ ಕಿತ್ತಳೆ ಬಣ್ಣದ ತಳಿಗಳಲ್ಲಿ ಕುಳಿ ಸ್ಪಷ್ಟವಾಗಿ ಕಾಣದು. ಆಗ ತೆನೆಯನ್ನು ನಡುವೆ ಮುರಿದು ತುದಿಯ ಕಡೆಯ ತುಂಡಿನ ಕಾಳುಗಳನ್ನು ನೋಡಬೇಕು. ನೆತ್ತಿಯ ಕಡೆ ಗಟ್ಟಿಯಾದ ಹಿಟ್ಟು, ಬುಡದ ಕಡೆ ಹಾಲು, ಎರಡರ ನಡುವೆ ಒಂದು ಗೆರೆ ಕಾಣುತ್ತದೆ. ಈ ಗೆರೆ ದಿನ ಕಳೆದಂತೆ ನೆತ್ತಿಯಿಂದ ಬುಡಕ್ಕೆ ಇಳಿಯುತ್ತದೆ. ಗೆರೆ ಅರ್ಧ ದಾಟಿದ ಮೇಲೆ, ಮೇವಿನ ತೀರಾ ಅಗತ್ಯವಿದ್ದವರು ತೆನೆಯ ಮೇಲೆ ಎರಡು ಎಲೆ ಉಳಿಸಿ ಅದರ ಮೇಲಿನ ತುದಿಯನ್ನು ಕೊಯ್ಯಬಹುದು. ಸ್ವಲ್ಪ ನಷ್ಟವಾದರೂ ಸಿಗುವ ಮೇವಿನ ಬೆಲೆ ಅದನ್ನು ತುಂಬಿಕೊಡುತ್ತದೆ.

ಕಪ್ಪುಚುಕ್ಕೆ: ಕಾಳನ್ನು ಬಿಡಿಸಿ ಬುಡದ ತೊಟ್ಟನ್ನು ಉಗುರಿನಿಂದ ಚಿವುಟಿದಾಗ ಕಂದು ಅಥವಾ ಕಪ್ಪು ಪದರ ಕಂಡರೆ ತಾಯಿಗಿಡಕ್ಕೂ ಕಾಳಿಗೂ ಇದ್ದ ಸಂಬಂಧ ಕಡಿದಿದೆ ಎಂದರ್ಥ. ಇನ್ನು ಒಂದು ಗುಂಜಿಯಷ್ಟೂ ತೂಕ ಸೇರುವುದಿಲ್ಲ. ರವದಿಯೂ ಈ ಹೊತ್ತಿಗೆ ಹುಲ್ಲಿನ ಬಣ್ಣಕ್ಕೆ ತಿರುಗಿರುತ್ತದೆ. ಇಂದಿನಿಂದ ತೆನೆಯ ನೆತ್ತಿಯ ಮೇಲಿನ ಗಿಣ್ಣಿನವರೆಗೆ ಧಾರಾಳವಾಗಿ ಕೊಯ್ಯಬಹುದು.

ಕಪ್ಪುಚುಕ್ಕೆ ಬಿದ್ದಾಗ ಕಾಳಿನಲ್ಲಿ ನೂರಕ್ಕೆ 30ರಿಂದ 35 ಪಾಲು ತೇವಾಂಶ ಇರುತ್ತದೆ. ತೆನೆ ಒಣಗಲು ಇನ್ನೂ ಕೆಲವು ದಿನ ಹೊಲದಲ್ಲಿ ನಿಲ್ಲಬೇಕು. ತುದಿ ಕೊಯ್ದ ಮೇಲೆ ಸಾಲುಗಳ ನಡುವೆ ಗಾಳಿಯಾಡಿ ತೆನೆ ಬೇಗ ಒಣಗುತ್ತದೆ. ಸಾಲಿನ ನಡುವೆ ತೊಗರಿ, ಅವರೆ ಹಾಕಿದ್ದರೆ ಅವಕ್ಕೂ ಬೆಳಕು ಸಿಗುತ್ತದೆ. ಹೂವಿನ ಕಾಲಕ್ಕೆ ಹಾನಿಯಾಗುವ ಕೆಲಸವೇ ಆರೇಳು ವಾರ ತಡೆದು ಮಾಡಿದರೆ ಲಾಭವಾಗುತ್ತದೆ.

ಬೇಗ ಕೊಯ್ದು ಪ್ರಯೋಜನವೇನು?

ಇಲ್ಲಿ ಮೇವಿನ ಲೆಕ್ಕವನ್ನೂ ಹಾಕಬೇಕು. ಹತ್ತು ಗಿಡಗಳ ತುದಿ ಒಟ್ಟು ಒಂದು ಕೆ.ಜಿ. ತೂಗಿದರೆ 20,000 ಗಿಡಗಳಿಂದ 2,000 ಕೆ.ಜಿ. ಹಸಿಮೇವು ಆಯಿತು. ಪ್ರತಿ ರೈತರೂ ತಮ್ಮ ಹೊಲದ ಹತ್ತು ತುದಿಗಳನ್ನು ತೂಗಿ ಈ ಅಂಕಿಯನ್ನು ತಾವೇ ತಿಳಿಯಬಹುದು. ಎರಡು ಜಾನುವಾರುಗಳಿಗೆ ದಿನಕ್ಕೆ 20 ಕೆ.ಜಿ.ಯಂತೆ 40 ಕೆ.ಜಿ. ಬೇಕಾದರೆ ದಿನವೂ 400 ಗಿಡಗಳ ತುದಿ ಸಾಕು. ಹಸಿರೆಲೆಯನ್ನು ರಾಶಿ ಹಾಕಿ ಇಟ್ಟರೆ ಬಿಸಿಯೇರಿ ಕೊಳೆಯುತ್ತದೆ. ಆದ್ದರಿಂದ ಒಂದೇ ದಿನ ಇಡೀ ಹೊಲ ಸವರುವುದರಿಂದ ಮೇವು ಕೆಡುವುದೇ ಹೊರತು ಉಳಿಯುವುದಿಲ್ಲ. ಗೆರೆ ಅರ್ಧ ದಾಟಿದ ದಿನದಿಂದ ದಿನಕ್ಕಿಷ್ಟು ಎಂದು ಕೊಯ್ಯುತ್ತ ಹೋದರೆ, ಮೊದಲ ಕೆಲವು ಸಾಲುಗಳಿಗೆ ಮಾತ್ರ ಅಲ್ಪ ನಷ್ಟ, ಉಳಿದವಕ್ಕೆ ಅದೂ ಇಲ್ಲ.

ಹೂವಿನಿಂದ ಕುಳಿಗಾಳಿನವರೆಗಿನ ದಿನಗಳಿಗೆ ಮೇವು ಎಲ್ಲಿಂದ? ಇದೇ ಬಡ ರೈತನ ನಿಜವಾದ ಕಷ್ಟ. ಇದಕ್ಕೆ ಬಿತ್ತನೆಯ ದಿನವೇ ಏರ್ಪಾಡು ಮಾಡಿಕೊಳ್ಳಬೇಕು. ಒಂದು ಎಕರೆಯಲ್ಲಿ ಐದು ಗುಂಟೆಯನ್ನು ಬೇರೆ ಇಟ್ಟು ಆಫ್ರಿಕನ್ ಟಾಲ್ ಮೇವಿನ ಜೋಳವನ್ನು ಒತ್ತಾಗಿ ಬಿತ್ತಬಹುದು. ಎಕರೆಗೆ ಸುಮಾರು 20 ಕೆ.ಜಿ. ಬೀಜದ ಲೆಕ್ಕದಲ್ಲಿ ಐದು ಗುಂಟೆಗೆ ಎರಡೂವರೆ ಕೆ.ಜಿ. ಸಾಕು. ಒಳ್ಳೆಯ ಬೆಳೆ ಗುಂಟೆಗೆ ಸುಮಾರು 400 ಕೆ.ಜಿ.ಯಂತೆ 2,000 ಕೆ.ಜಿ. ಹಸಿಮೇವು ಕೊಡುತ್ತದೆ. ಇದು ಇಡೀ ಎಕರೆಯ ತುದಿಗಳಿಗೆ ಸಮ. ಮೂರು ಪಾಲು ಮಾಡಿ ಹತ್ತು ಹನ್ನೆರಡು ದಿನಗಳ ಅಂತರದಲ್ಲಿ ಬಿತ್ತಿದರೆ ಎಳಸಾದ ಮೇವು ಒಂದಾದ ಮೇಲೊಂದು ಕೈಗೆ ಬರುತ್ತದೆ. ಐದು ಗುಂಟೆಯ ಕಾಳು ಬಿಟ್ಟುಕೊಟ್ಟರೆ ಮೇಲಿನ ಲೆಕ್ಕದಲ್ಲಿ 3 ಕ್ವಿಂಟಾಲ್ ಕಡಿಮೆಯಾಗುತ್ತದೆ. ಹಾಲುಗಾಳಿನ ವೇಳೆಗೇ ಇಡೀ ಎಕರೆಯ ತುದಿ ಸವರಿದರೆ 4 ಕ್ವಿಂಟಾಲ್ ಹೋಗುತ್ತದೆ. ಮೇವಿನ ಜೋಳ ಹಾಕಿದವರಿಗೆ ಉಳಿದ 35 ಗುಂಟೆಯ ತುದಿಗಳು ಬಲಿತ ಮೇಲೆ ಹೇಗೂ ಸಿಗುತ್ತವೆ.

ಜಮೀನು ಬಿಡಲಾಗದವರು ಬದುವಿನ ಮೇಲೆ, ಬಚ್ಚಲು ನೀರು ಹರಿಯುವ ಕಡೆ ಸಂಕರಣ ನೇಪಿಯರ್ ಹುಲ್ಲಿನ ಕಡ್ಡಿ ನೆಡಬಹುದು. ಎರಡು ಎರಡೂವರೆ ತಿಂಗಳಿಗೆ ಮೊದಲ ಕೊಯ್ಲು, ಆಮೇಲೆ ಸುಮಾರು 45 ದಿನಕ್ಕೊಂದು ಕೊಯ್ಲು ಸಿಗುತ್ತದೆ. ತಳಿ ಆರಿಸುವಾಗ, ತೆನೆ ಒಣಗಿದರೂ ದಂಟು ಮತ್ತು ಎಲೆ ಹಸಿರಾಗಿಯೇ ಉಳಿಯುವ ಸಂಕರಣ ತಳಿಯನ್ನು ಕೇಳಿ ತರುವುದೂ ಒಳ್ಳೆಯದು. ಅಂಥ ತಳಿಯಲ್ಲಿ ಕಾದವನಿಗೆ ಕಾಳೂ ಉಂಟು, ಹಸಿಮೇವೂ ಉಂಟು.

ಹೂವಿನ ಕಾಲದಲ್ಲೇ ಅನಿವಾರ್ಯವಾಗಿ ಏನಾದರೂ ತೆಗೆಯಬೇಕಾದರೆ ಈ ಕ್ರಮ ಅನುಸರಿಸಬೇಕು. ಮೊದಲು ಸಾಲಿನ ಮತ್ತು ಬದುವಿನ ಹುಲ್ಲು. ನಂತರ ತೆನೆ ಹಾಕದೆ ಬಡಕಲಾಗಿ ನಿಂತ ಗಿಡಗಳು. ಆಮೇಲೆ ಹಳದಿಗೆ ತಿರುಗಿದ ಕೆಳಗಿನ ಎಲೆಗಳು. ಕೊನೆಗೆ, ಎಲ್ಲ ತೆನೆಗಳ ರೇಷ್ಮೆ ಎಳೆ ಕಂದಾದ ಮೇಲೆ, ಎಲೆ ಬಿಟ್ಟು ಬರಿಯ ಸೂಲಂಗಿ. ಬೀಜೋತ್ಪಾದನೆಯ ಹೊಲಗಳಲ್ಲಿ ಹೆಣ್ಣು ಸಾಲಿನ ಸೂಲಂಗಿಯನ್ನು ಪರಾಗ ಉದುರುವ ಮೊದಲೇ ಕೀಳುವುದುಂಟು. ಅಲ್ಲಿಯೂ ಸೂಲಂಗಿಯೊಡನೆ ಎಲೆ ಬಾರದಂತೆ ಎಚ್ಚರ ವಹಿಸುತ್ತಾರೆ. ಹೆಚ್ಚು ಎಲೆ ಬಂದಷ್ಟೂ ಬೀಜದ ಇಳುವರಿ ತಗ್ಗುತ್ತದೆ.

ಬೆಳೆ ಕೈಬಿಡುವ ಸಂದರ್ಭ

ಹೂವಿನ ಕಾಲದಲ್ಲಿ ಕಡುಬರ ಬಂದು ಕಾಳು ಕಟ್ಟಿದೆಯೋ ಇಲ್ಲವೋ ಎಂಬ ಸಂಶಯವಿದ್ದರೆ ಒಂದು ಸುಲಭ ಪರೀಕ್ಷೆ ಇದೆ. ರೇಷ್ಮೆ ಎಳೆ ಹೊರಬಂದು ವಾರ ಹತ್ತು ದಿನ ಕಳೆದ ಮೇಲೆ ತೆನೆಯ ರವದಿಯನ್ನು ಎಳೆ ಹರಿಯದಂತೆ ನಿಧಾನವಾಗಿ ಬಿಚ್ಚಿ, ತೆನೆಯನ್ನು ಮೆಲ್ಲಗೆ ಕೊಡವಬೇಕು. ಪರಾಗ ತಗುಲಿ ಕಾಳು ಕಟ್ಟಿದ ಕಡೆ ಎಳೆ ಕಳಚಿ ಬೀಳುತ್ತದೆ. ಕಟ್ಟದ ಕಡೆ ಅಂಟಿಕೊಂಡೇ ಇರುತ್ತದೆ. ಹೊಲದ ಹಲವು ಕಡೆಯ ತೆನೆಗಳಲ್ಲಿ ಬಹುಪಾಲು ಎಳೆ ಅಂಟಿಕೊಂಡಿದ್ದರೆ ಕಾಳಿನ ಆಸೆ ಬಿಟ್ಟು ಇಡೀ ಗಿಡವನ್ನು ಮೇವಿಗೆ ಕೊಯ್ಯುವುದೇ ಜಾಣತನ. ಬರ ತಿಂದ ಗಿಡದ ಬುಡದಲ್ಲಿ ನೈಟ್ರೇಟ್ ಅಂಶ ಹೆಚ್ಚಾಗಿದ್ದು ದನಗಳಿಗೆ ವಿಷವಾಗಬಹುದು. ಆದುದರಿಂದ ಬುಡದ ಒಂದು ಅಡಿ ಬಿಟ್ಟು ಕೊಯ್ದು, ಒಣಹುಲ್ಲಿನೊಡನೆ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ರೂಢಿ ಮಾಡಿಸಿ ತಿನ್ನಿಸಬೇಕು.

ಕೀಟನಾಶಕ ಅಥವಾ ರೋಗನಾಶಕ ಸಿಂಪಡಿಸಿದ ಹೊಲದಿಂದ, ಡಬ್ಬಿಯ ಮೇಲೆ ಬರೆದ ಕಾಯುವ ಅವಧಿ ಮುಗಿಯುವ ಮೊದಲು ಎಲೆ, ತುದಿ ಯಾವುದನ್ನೂ ದನಗಳಿಗೆ ಹಾಕಬಾರದು. ಬೂಷ್ಟು ಹಿಡಿದ ತೆನೆ, ಎಲೆಗಳನ್ನೂ ಹಾಕಬಾರದು.

ಬೇರೆ ಬೆಳೆಗಳಲ್ಲಿ ಹೇಗೆ?

ಒಂದು ಬೆಳೆಯ ನಿಯಮವನ್ನು ಇನ್ನೊಂದಕ್ಕೆ ಹಚ್ಚಬಾರದು. ತೊಗರಿಯಲ್ಲಿ ಬಿತ್ತಿದ 45–50 ದಿನಕ್ಕೆ, ಹೂವಿಗೆ ಮೊದಲು, ಕುಡಿ ಚಿವುಟಿದರೆ ರೆಂಬೆ ಹೆಚ್ಚಿ ಕಾಯಿ ಹೆಚ್ಚುತ್ತದೆ. ಹತ್ತಿಯಲ್ಲಿ 80–90 ದಿನಕ್ಕೆ ತುದಿ ಚಿವುಟುವುದು ಗಿಡದ ಅತಿ ಬೆಳವಣಿಗೆ ತಡೆಯಲು. ಬಾಳೆಯಲ್ಲಿ ಒಣಗಿದ, ಎಲೆಚುಕ್ಕೆ ರೋಗ ಹಿಡಿದ ಎಲೆ ತೆಗೆಯಬೇಕು. ಆದರೆ ಗೊನೆ ಹಾಕುವಾಗ ಕನಿಷ್ಠ ಎಂಟು ಒಳ್ಳೆಯ ಎಲೆ ಉಳಿದಿರಬೇಕು. ಭತ್ತದ ಸಸಿಯ ತುದಿಯನ್ನು ನಾಟಿಯ ಸಮಯ ಚಿವುಟುವುದು ಕಾಂಡಕೊರಕದ ಮೊಟ್ಟೆ ತೆಗೆಯಲು. ದುಂಡಾಣು ಅಂಗಮಾರಿ ಬರುವ ಕಡೆ ಗಾಯದ ಮೂಲಕ ಆ ರೋಗ ಹರಡುವುದರಿಂದ ಅದೂ ಬೇಡ. ಹೊಡೆ ತುಂಬಿದ ಭತ್ತದ ಕೊನೆಯ ಎಲೆ ಮೆಕ್ಕೆಜೋಳದ ಮೇಲಿನ ಎಲೆಗಳಂತೆಯೇ ತೆನೆಯ ಅನ್ನದಾತ. ಅದನ್ನು ಯಾವ ಕಾರಣಕ್ಕೂ ಕೊಯ್ಯಬಾರದು. ಶುಂಠಿಯಲ್ಲಿ ನೆಲದೊಳಗಿನ ಗಡ್ಡೆ ಬೆಳೆಯುವುದು ಮೇಲಿನ ಹಸಿರಿನಿಂದ. ಅದು ತಾನೇ ಹಳದಿಯಾಗಿ ಒಣಗುವವರೆಗೆ ಮುಟ್ಟಬಾರದು.

ಸ್ವಂತ ಹೊಲದಲ್ಲೇ ಪರೀಕ್ಷೆ

ಊರಿನ ಒಬ್ಬ ಆಸಕ್ತ ರೈತರ ಹೊಲದಲ್ಲಿ ಗ್ರಾಮಮಟ್ಟದ ಕಾರ್ಯಕರ್ತರು ಈ ಸಣ್ಣ ಪರೀಕ್ಷೆ ಏರ್ಪಡಿಸಬಹುದು. ಒಂದೇ ಸಮ ಬೆಳೆ ಇರುವ ಭಾಗದಲ್ಲಿ ನಾಲ್ಕು ಸಾಲು ಅಗಲ, 5 ಮೀಟರ್ ಉದ್ದದ 12 ತಾಕುಗಳನ್ನು ಗುರುತಿಸಬೇಕು. ನಾಲ್ಕು ತಾಕುಗಳಲ್ಲಿ ಏನೂ ಕೊಯ್ಯಬಾರದು. ನಾಲ್ಕರಲ್ಲಿ ರೇಷ್ಮೆ ಎಳೆ ಕಂದಾದ ದಿನ ತುದಿ ಕೊಯ್ಯಬೇಕು. ಉಳಿದ ನಾಲ್ಕರಲ್ಲಿ ಕಪ್ಪುಚುಕ್ಕೆ ಬಿದ್ದ ದಿನ ಕೊಯ್ಯಬೇಕು. ಮೂರೂ ವಿಧದ ತಾಕುಗಳು ಹೊಲದ ಒಂದೇ ಕಡೆ ಗುಂಪಾಗದೆ ಬೆರೆತಿರಬೇಕು. ಕೊಯ್ಲಿನಲ್ಲಿ ಪ್ರತಿ ತಾಕಿನ ನಡುವಿನ ಎರಡು ಸಾಲಿನ ತೆನೆ ಮಾತ್ರ ಬಿಡಿಸಿ, ಒಂದೇ ಹದಕ್ಕೆ ಒಣಗಿಸಿ, ಕಾಳು ಬೇರ್ಪಡಿಸಿ ತೂಗಬೇಕು. 60 ಸೆಂ.ಮೀ. ಸಾಲಿನಲ್ಲಿ ಈ ಎರಡು ಸಾಲು 6 ಚದರ ಮೀಟರ್ ಆಗುತ್ತದೆ. ಸಿಕ್ಕ ತೂಕವನ್ನು 675ರಿಂದ ಗುಣಿಸಿದರೆ ಎಕರೆಯ ಇಳುವರಿ. ಪ್ರತಿ ವಿಧದಿಂದ ನೂರು ಕಾಳು ಎಣಿಸಿ ತೂಗಿದರೆ ನಷ್ಟ ಎಲ್ಲಿ ಆಯಿತೆಂಬುದೂ ತಿಳಿಯುತ್ತದೆ. ತಕ್ಕಡಿಯ ಸುತ್ತ ಹತ್ತು ಜನ ರೈತರು ನಿಂತು ನೋಡಿದರೆ ಬೇರೆ ಉಪನ್ಯಾಸ ಬೇಕಾಗುವುದಿಲ್ಲ.

ನೆನಪಿಡಬೇಕಾದ ಅಂಶಗಳು

1. ಸೂಲಂಗಿ ಹೊರಟ ಮೇಲೆ ಮೆಕ್ಕೆಜೋಳಕ್ಕೆ ಹೊಸ ಎಲೆ ಬರುವುದಿಲ್ಲ. ಹೂವಿನಿಂದ ಹಿಟ್ಟುಗಾಳಿನವರೆಗೆ ಹಸಿರೆಲೆ ಕೊಯ್ಯಬಾರದು.

2. ತೆನೆಯ ಎಲೆ ಮತ್ತು ಅದರ ಮೇಲಿನ ಎಲೆಗಳು ಕಾಳಿಗೆ ಅತಿ ಮುಖ್ಯ.

3. ಕಾಳಿನ ಗೆರೆ ಅರ್ಧ ದಾಟಿದ ಮೇಲೆ ಎರಡು ಎಲೆ ಉಳಿಸಿ ತುದಿ ಕೊಯ್ಯಬಹುದು. ಕಪ್ಪುಚುಕ್ಕೆ ಬಿದ್ದ ಮೇಲೆ ತೆನೆಯವರೆಗೂ ಕೊಯ್ಯಬಹುದು.

4. ದಿನಕ್ಕೆ ಬೇಕಾದಷ್ಟೇ ಕೊಯ್ಯಬೇಕು.

5. ಆಗಸ್ಟ್, ಸೆಪ್ಟೆಂಬರ್ ತಿಂಗಳ ಮೇವಿಗೆ ಬಿತ್ತನೆಯ ಕಾಲದಲ್ಲೇ ಐದು ಗುಂಟೆ ಮೇವಿನ ಜೋಳ ಅಥವಾ ಬದುವಿನ ನೇಪಿಯರ್ ಹುಲ್ಲಿನ ಏರ್ಪಾಡು ಮಾಡಿಕೊಳ್ಳಬೇಕು.

ಕೊಟ್ಟಿಗೆಯೂ ಹೊಲವೂ ಒಂದೇ ಸಂಸಾರದ ಎರಡು ಕೈಗಳು. ಸಕಾಲಕ್ಕೆ ಕೊಯ್ದರೆ ಒಂದೇ ಗಿಡ ಎರಡನ್ನೂ ಸಾಕಬಲ್ಲದು.